ಸಂಡೇ ಸ್ಕೂಲ್ ಮುಗಿದ ಮೇಲೆ ಮುಂದೇನು?

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಂದು ಅದನ್ನು ಪಕ್ಕದ ಕೊಪ್ಪಳ ಸೀಮೆಯ ಸಭೆಗಳಲ್ಲಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಓದುತ್ತಿದ್ದೇವೆಯೇ?

ಮಕ್ಕಳಿಗೆ ಸಂಡೇ ಸ್ಕೂಲ್ ಇದೆ, ತಾಯಂದಿರಿಗೆ ಸ್ತ್ರೀಯರ ಕೂಟವಿದೆ. ಪಿಯುಸಿ ಮುಗಿಸಿ ಬೆಂಗಳೂರು, ಹುಬ್ಬಳ್ಳಿಗೆ ಹೋದವರಿಗೆ? ಅಲ್ಲಿ ಇಂಗ್ಲಿಷ್ ಆರಾಧನೆ, ಗಿಟಾರ್ ಹಾಡು ಸಿಗುತ್ತವೆ. ಕ್ರಿಸ್‌ಮಸ್‌ಗೆ ಊರಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಅತಿಥಿಗಳಂತೆ ಕೂರುತ್ತೇವೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇ 1.87 ಮಾತ್ರ. ಸಣ್ಣ ಸಭೆಗೆ ನಾಲ್ವರು ಯುವಕರು ದೂರವಾದರೂ ದೊಡ್ಡ ನಷ್ಟ.

ವಯಸ್ಸಿಗೊಂದು ಕೂಟ ಮಾಡಿದರೆ ಸಾಲದು. ರಜೆಗೆ ಬಂದವರಿಗೆ ವಾಚನ, ಪಾಠ, ಲೆಕ್ಕಪತ್ರದ ಹೊಣೆ ಕೊಡಲಿ. ಅಜ್ಜ-ಅಜ್ಜಿಯರು ಮೊಮ್ಮಕ್ಕಳ ಜತೆ ಕೂತು ಓದಲಿ. ಹೊಣೆ ಹೊತ್ತವರು ಸಭೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಹಿರಿಯರು ಕರೆಯಲಿ; ಕರೆಯುವವರೆಗೆ ಕಾಯದೆ ನಾವೂ ಮುಂದೆ ಬರೋಣ.