ಬೆಲ್ಟ್ ಕಿರುಚ್ತಿದ್ರೆ ಅದರ ಬಾಯಿ ಮುಚ್ಚಿಸಬೇಡಿ

(1/6)
ನಮ್ಮಪ್ಪನ 2007ರ ಮಾರುತಿ 800 ಬಗ್ಗೆ ಕ್ಲಾಸಲ್ಲಿ ಎಲ್ಲರಿಗೂ ಒಂದು ಜೋಕ್ ಗೊತ್ತು. "ಮಗಾ, ನಿಮ್ಮ ಕಾರಿಗಿಂತ ಮೊದಲು ಅದರ ಸೌಂಡ್ ಕಾಲೇಜ್ ಗೇಟಿಗೆ ಬರುತ್ತೆ." ನೀವು ನಕ್ಕಿದ್ದೀರಿ, ನಾನೂ ನಕ್ಕಿದ್ದೀನಿ. ಪರವಾಗಿಲ್ಲ. ಆದ್ರೆ ಮನೇಲಿ ಏನಾಗ್ತಿತ್ತು ಅಂತ ಹೇಳಿರಲಿಲ್ಲ, ಈಗ ಹೇಳ್ತೀನಿ.

ಅಮ್ಮ ಮಾಡೋ ಇಡ್ಲಿ ಡಬ್ಬಗಳು ದಿನಾ ಬೆಳಿಗ್ಗೆ ಮೂರು ಪಿಜಿಗೆ ಹೋಗಬೇಕು. ಐದೂವರೆಗೆ ಅಪ್ಪ ಗಾಡಿ ಸ್ಟಾರ್ಟ್ ಮಾಡಿದ್ರೆ 'ಕೀಂಯ್' ಅಂತ ಶುರು. ಇಟ್ಟಮಡುವಿನ ಗಲ್ಲಿಗಳು ಎಷ್ಟು ಇಕ್ಕಟ್ಟು ಅಂತ ನಿಮಗೆ ಗೊತ್ತಲ್ಲ, ಇಡೀ ಬೀದಿ ಎದ್ದು ಕೂರುತ್ತೆ. ಒಂದು ದಿನ ಎದುರುಮನೆ ಆಂಟಿ ನೇರವಾಗಿ ಕೇಳೇಬಿಟ್ರು: "ಅದನ್ನ ಗುಜರಿಗೆ ಹಾಕಬಾರದಾ?" ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ಗಾಡೀನ ಮೇನ್ ರೋಡ್ ತನಕ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡೋಕೆ ಶುರು ಮಾಡಿದ್ರು. ಹಿಂದಿನಿಂದ ತಳ್ಳುತ್ತಿದ್ದವನು ನಾನು.

(2/6)
ನನ್ನ ಜಗಳ ಆಂಟಿ ಜೊತೆ ಅಲ್ಲ. "ಸದ್ದು ನಿಂತರೆ ಸಾಕು" ಅನ್ನೋ ಬುದ್ಧಿ ಜೊತೆ.

ರೀಲ್ಸ್ ನೋಡಿ. ಒಬ್ಬ ಬೆಲ್ಟಿಗೆ ಸೋಪು ಉಜ್ಜುತ್ತಾನೆ, ಇನ್ನೊಬ್ಬ ಪೌಡರ್ ಹಾಕ್ತಾನೆ, ಮತ್ತೊಬ್ಬ ತುಕ್ಕು ಬಿಡಿಸೋ ಸ್ಪ್ರೇ ಹೊಡೀತಾನೆ. ಸದ್ದು ನಿಲ್ಲುತ್ತೆ, ಲೈಕ್ ಬೀಳುತ್ತೆ, ವಿಡಿಯೊ ಅಲ್ಲಿಗೆ ಮುಗಿಯುತ್ತೆ. ಹದಿನೈದು ದಿನ ಆದಮೇಲಿನ ವಿಡಿಯೊ ಯಾರೂ ಹಾಕಲ್ಲ. ಸೋಪಿನ ಅಂಟಿಗೆ ಧೂಳು ಹಿಡಿಯುತ್ತೆ. ಎಣ್ಣೆ ತಾಗಿದ ಬೆಲ್ಟ್ ಮೊದಲಿಗಿಂತ ಜಾಸ್ತಿ ಜಾರುತ್ತೆ, ರಬ್ಬರೂ ಹಾಳು.

ನಾವು ಹೋದ ಒಂದು ಗ್ಯಾರೇಜೂ ಮಾಡಿದ್ದು ಅದನ್ನೇ. ಮೊದಲ ಸಲ ಹೊಸ ಬೆಲ್ಟ್. ಎರಡು ವಾರಕ್ಕೆ ಮತ್ತೆ ಕೀಂಯ್. ಎರಡನೇ ಸಲ ಇನ್ನೊಂದು ಹೊಸ ಬೆಲ್ಟ್. ಮೂರನೇ ಸಲ ಗಟ್ಟಿಯಾಗಿ ಬಿಗಿದು, "ಈಗ ಸೌಂಡ್ ಇಲ್ಲ ನೋಡಿ ಸಾರ್" ಅಂದ್ರು. ನಿಜ, ಆ ದಿನ ಸೌಂಡ್ ಇರಲಿಲ್ಲ. ಯಾಕೆ ಬರ್ತಿತ್ತು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

(3/6)
ಈ ಫೋಟೊದಲ್ಲಿ ನೋಡಿ. ಎಂಜಿನ್ನಿನ ಕ್ರ್ಯಾಂಕ್ ತಿರುಗುತ್ತೆ, ಅದರ ಪುಲ್ಲಿಯಿಂದ ಒಂದು ಬೆಲ್ಟ್. ಆ ಒಂದೇ ಬೆಲ್ಟ್ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸಬೇಕು. ಮೊದಲನೆಯದು ಬ್ಯಾಟರಿ ಚಾರ್ಜ್ ಮಾಡುತ್ತೆ, ಎರಡನೆಯದು ಎಂಜಿನ್ ಸುತ್ತ ಕೂಲಂಟ್ ಓಡಿಸುತ್ತೆ. ಬೆಲ್ಟ್ ಜಾರಿದ್ರೆ ಎರಡಕ್ಕೂ ಏಟು. ಕಡಿದುಹೋದ್ರೆ ಬ್ಯಾಟರಿ ದೀಪ ಹತ್ತುತ್ತೆ, ಆಮೇಲೆ ಎಂಜಿನ್ ಕಾಯುತ್ತೆ. ಹಾಗೇ ಓಡಿಸ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಆಗ ಬರೋ ಬಿಲ್ ನೋಡಿದ್ರೆ ಕಿರುಚೋ ಸರದಿ ನಮ್ಮದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣವೇ ಯಾಕೆ ಸದ್ದು? ಸ್ಟಾರ್ಟರ್ ಬ್ಯಾಟರಿಯಿಂದ ಎಳೆದುಕೊಂಡಿದ್ದನ್ನ ಆಲ್ಟರ್ನೇಟರ್ ವಾಪಸ್ ತುಂಬಬೇಕು, ಆಗ ಅದರ ಮೇಲೆ ಲೋಡ್ ಜಾಸ್ತಿ. ಸಡಿಲ ಬೆಲ್ಟ್ ಅಲ್ಲೇ ಜಾರುತ್ತೆ. ಹೆಡ್‌ಲೈಟ್ ಹಾಕಿದಾಗ ಜಾಸ್ತಿ ಆದ್ರೂ ಕಾರಣ ಅದೇ. ಅಂದ್ರೆ ಆ ಸದ್ದು ಒಂದು ದೂರು. ನಾವು ದೂರು ಓದದೇ ದೂರು ಕೊಟ್ಟವನ ಬಾಯಿಗೆ ಬಟ್ಟೆ ತುರುಕ್ತಿದ್ದೀವಿ.

(4/6)
ಸರಿ, ಓದೋದು ಹೇಗೆ? ಇದನ್ನ ಸೇವ್ ಮಾಡ್ಕೊಳ್ಳಿ. ಎಂಜಿನ್ ಓಡ್ತಿರುವಾಗ ದುಪಟ್ಟಾ, ಬಿಚ್ಚಿದ ಕೂದಲು, ತೋಳು, ಕೈ ಯಾವುದೂ ಬೆಲ್ಟ್ ಹತ್ರ ಹೋಗಬಾರದು.

ಮೊದಲು ಕಿವಿ. ಉದ್ದಕ್ಕೆ 'ಕೀಂಯ್' ಅಂದ್ರೆ ಜಾರುತ್ತಿದೆ. ಗುಬ್ಬಚ್ಚಿ ಥರ 'ಚಿಂವ್ ಚಿಂವ್' ಅಂದ್ರೆ ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರಬಹುದು. 'ಗೊರಗೊರ' ಅಂದ್ರೆ ಬೇರಿಂಗ್ ಮೇಲೆ ಅನುಮಾನ.

ಆಮೇಲೆ ನೀರು. ದೂರ ನಿಂತು ಬಾಟಲಿಯಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ಚಿಮುಕಿಸಿ. ಸದ್ದು ಜೋರಾದ್ರೆ ಜಾರಾಟ, ಬಿಗಿ ನೋಡಿಸಿ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದ್ರೆ ನೇರ ತಪ್ಪಿದೆ. ಏನೂ ಬದಲಾಗದಿದ್ರೆ ಬೇರಿಂಗ್ ಕಡೆ ನೋಡಿ.

ಕೊನೆಗೆ ಎಂಜಿನ್ ಆಫ್ ಮಾಡಿ, ಆರಿದ ಮೇಲೆ, ಮೆಕ್ಯಾನಿಕ್ ಕೈಯಲ್ಲಿ ಬೆಲ್ಟ್ ಬಿಚ್ಚಿಸಿ. ಒಂದೊಂದೇ ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ. ಒರಟಾಗಿ ತಿರುಗಿದ್ರೆ, ಅಲ್ಲಾಡಿದ್ರೆ ಕಳ್ಳ ಸಿಕ್ಕಿಬಿದ್ದ.

ನಿಮ್ಮ ಮನೇಲಿ ಅಗಲ ಪಟ್ಟಿಯ ಗೆರೆಗೆರೆ ಬೆಲ್ಟ್ ಇರೋ ಗಾಡಿ ಇದ್ರೆ ಇನ್ನೊಂದು ಮಾತು. ಈಗಿನ ಇಪಿಡಿಎಂ ರಬ್ಬರ್ ಹಳೇ ಬೆಲ್ಟ್ ಥರ ಬೇಗ ಬಿರುಕು ಬಿಡಲ್ಲ, ಟೈರ್ ಥರ ಸವೆಯುತ್ತೆ. "ಬಿರುಕಿಲ್ಲ, ಚೆನ್ನಾಗಿದೆ" ಅಂದ್ರೆ ನಂಬಬೇಡಿ.

(5/6)
ನಮ್ಮ ಗಾಡೀಲಿ ಸಿಕ್ಕಿದ್ದು ಏನು? ಬೇರೆ ಮೆಕ್ಯಾನಿಕ್ ಅಣ್ಣ ಬೆಲ್ಟ್ ಬಿಚ್ಚಿ ವಾಟರ್ ಪಂಪ್ ಪುಲ್ಲಿ ಹಿಡಿದು ಅಲ್ಲಾಡಿಸಿದ್ರು. ಹಲ್ಲು ಬೀಳೋ ಮುಂಚೆ ಅಲ್ಲಾಡುತ್ತಲ್ಲ, ಹಾಗೆ. ಕೆಳಗೆ ಹಸಿರು ಕಲೆ, ಅದು ಕೂಲಂಟ್. ಪಂಪಿನಿಂದ ಒಂದೊಂದೇ ಹನಿ ಸೋರಿ ಬೆಲ್ಟಿಗೆ ಸಿಡೀತಿತ್ತು. ಹೊಸ ಬೆಲ್ಟ್ ಹಾಕಿದ್ರೂ ಅದು ಒದ್ದೆಯಾಗಿ ಮತ್ತೆ ಜಾರ್ತಿತ್ತು. "ಗಟ್ಟಿ ಬಿಗಿದಿದ್ದಾರೆ, ಮೊದಲೇ ಸುಸ್ತಾದ ಬೇರಿಂಗ್‌ಗೆ ಇನ್ನೂ ಭಾರ ಬಿತ್ತು" ಅಂದ್ರು ಅಣ್ಣ.

ಜೆ.ಸಿ. ರೋಡಿಗೆ ಹೋಗಿ ಪಂಪ್, ಗ್ಯಾಸ್ಕೆಟ್, ಬೆಲ್ಟ್ ತಂದೆ. 800 ತಯಾರಿ 2014ರಲ್ಲೇ ನಿಂತುಹೋಗಿದೆ, ಆದ್ರೂ ಪಾರ್ಟ್ಸ್ ಕೇಳಿದ ತಕ್ಷಣ ಸಿಕ್ಕಿತು. ಎಲ್ಲಾ ಸೇರಿ 2,600 ರೂಪಾಯಿ. ಮೊದಲಿನ ಮೂರು ಭೇಟಿಗೆ ಸುರಿದಿದ್ದು 1,900. ಅದಕ್ಕೆ ಸಿಕ್ಕಿದ್ದು ಕೆಲವು ವಾರಗಳ ಮೌನ ಅಷ್ಟೇ.

ಇನ್ನೊಂದು ಲೆಕ್ಕ ಕೇಳಿ. ಆ ಮಧ್ಯೆ ಒಬ್ಬರು ಗಾಡಿ ನೋಡೋಕೆ ಬಂದು, "ಎಂಜಿನ್ ಸೌಂಡ್ ಇದೆ" ಅಂತ 22,000ಕ್ಕೆ ಕೇಳಿದ್ರು. ಅಪ್ಪ ಹೂಂ ಅಂದೇಬಿಟ್ಟಿದ್ರು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅಮ್ಮನ ಇಡ್ಲಿ ವ್ಯಾಪಾರ ನಿಲ್ಲೋದ್ರಲ್ಲಿತ್ತು, ಒಂದು ಸೋರೋ ಪಂಪಿಗೋಸ್ಕರ.

(6/6)
ನಾವು ಬಿಕಾಂನವರು ಡಿಪ್ರಿಸಿಯೇಷನ್ ಬಾಯಿಪಾಠ ಮಾಡಿದ್ದೀವಿ. ರಿಟನ್ ಡೌನ್ ವ್ಯಾಲ್ಯೂ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ 15% ಕಳೀತಾ ಹೋದ್ರೂ ಬೆಲೆ ಯಾವತ್ತೂ ಸೊನ್ನೆ ಆಗಲ್ಲ. ಪುಸ್ತಕಕ್ಕೆ ಗೊತ್ತಿರೋದು ನಮಗೆ ಗೊತ್ತಿಲ್ಲ. ಹಳೇದು, ಸದ್ದು ಮಾಡುತ್ತೆ, ಅಂದ್ರೆ ಬೆಲೆ ಸೊನ್ನೆ. ಗಾಡಿಗಷ್ಟೇ ಅಲ್ಲ, ಮಿಕ್ಸಿ, ಫ್ಯಾನ್, ಫೋನ್ ಎಲ್ಲದಕ್ಕೂ ನಮ್ಮದು ಇದೇ ತೀರ್ಪು.

ಎಲ್ಲಾ ಹಳೇ ಗಾಡೀನೂ ಉಳಿಸಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಫ್ಲೋರ್ ತುಕ್ಕು ಹಿಡಿದು ತೂತಾಗಿದ್ರೆ, ಬ್ರೇಕ್ ಸರಿಹೋಗದಿದ್ರೆ ಕಳಿಸಿಕೊಡಿ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದ್ರೆ ಲೆಕ್ಕ ಹಾಕಿ ಮಾರಿ, ನಾಚಿಕೆಯಿಂದ ಮಾರಬೇಡಿ.

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತಾನೂ ಅಲ್ಲ. ನಾವು ಹೋಗಿ "ಎಷ್ಟಾಗುತ್ತೆ, ಎಷ್ಟೊತ್ತಾಗುತ್ತೆ" ಅಂತ ಮಾತ್ರ ಕೇಳ್ತೀವಿ. ಹುಡುಕೋ ಕೆಲಸಕ್ಕೆ ಒಂದು ರೂಪಾಯಿ ಕೊಡಲ್ಲ, ಪಾರ್ಟಿಗೆ ಮಾತ್ರ ಕೊಡ್ತೀವಿ. ಹಾಗಾಗಿ ಅವರು ಪಾರ್ಟ್ ಹಾಕ್ತಾರೆ. ಆ ಅಣ್ಣ ಹುಡುಕಿದ್ದಕ್ಕೆ ಬೇರೆಯಾಗಿ 300 ತಗೊಂಡ್ರು. ನನ್ನ ಪ್ರಕಾರ ಇಡೀ ಬಿಲ್ಲಿನಲ್ಲಿ ಅತಿ ಅಗ್ಗವಾದ ಸಾಲು ಅದೇ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಯಾಕೆ ಬರ್ತಿದೆ? ಹೇಗೆ ಗೊತ್ತಾಯ್ತು? ಬಿಚ್ಚಿದ ಹಳೇ ಪಾರ್ಟ್ ಕೊಡ್ತೀರಾ? ಬೈಸಿಕೊಂಡ್ರೂ ಪರವಾಗಿಲ್ಲ, ಕೇಳಿ.

ಈಗ ಗಾಡಿ ಮನೆ ಮುಂದೇನೇ ಸ್ಟಾರ್ಟ್ ಆಗುತ್ತೆ. ನಾಲ್ಕನೇ ದಿನ ಎದುರುಮನೆ ಆಂಟಿ ಅಮ್ಮನ ಹತ್ರ ಬಂದು ಮೆಲ್ಲಗೆ ಕೇಳಿದ್ರಂತೆ: "ಯಾಕ್ರೀ, ಗಾಡಿ ಮಾರಿಬಿಟ್ರಾ?"

ನಿಮ್ಮ ಮನೆ ಗಾಡಿ ಯಾವ ಸದ್ದು ಮಾಡುತ್ತೆ? ಕಾಮೆಂಟಲ್ಲಿ ಬರೀರಿ. ಸೋಪು ಉಜ್ಜಿ ಅಂತ ಮಾತ್ರ ಯಾರೂ ಬರೀಬೇಡಿ.

#ಇಟ್ಟಮಡು #ಮಾರುತಿ800 #ಯಾಕೆಅಂತಕೇಳಿ