‘ಬೊಜ್ಜಿನ ಜೀನ್’ ಎಂದು ಹಲಗೆಯ ಮೇಲೆ ಬರೆಯುವ ಮುನ್ನ

ಹತ್ತನೆಯ ತರಗತಿಯ ಅನುವಂಶೀಯತೆ ಘಟಕವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಮೆಂಡಲನ ಬಟಾಣಿಯನ್ನು ಸಾಮಾನ್ಯವಾಗಿ ಚೆನ್ನಾಗಿಯೇ ಬೋಧಿಸುತ್ತಾರೆ. ತೊಂದರೆ ಇರುವುದು ಕೊನೆಯ ಹತ್ತು ನಿಮಿಷದಲ್ಲಿ. ನಿತ್ಯಜೀವನದ ಅನ್ವಯ ಬೇಕಲ್ಲ, ‘ಅಪ್ಪ ಅಮ್ಮ ದಪ್ಪಗಿದ್ದರೆ ಮಕ್ಕಳೂ ದಪ್ಪ, ಅದಕ್ಕೊಂದು ಜೀನ್ ಇದೆ’ ಎಂಬ ವಾಕ್ಯ ಬಂದುಬಿಡುತ್ತದೆ. ಇಡೀ ತರಗತಿ ಒಂದು ಮಗುವಿನತ್ತ ತಿರುಗುತ್ತದೆ. ಆ ಮಗುವಿನ ಪಾಲಿಗೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ನಾವು ‘ಸ್ಥಳೀಯ ಉದಾಹರಣೆ’ ಎಂದು ಅಂಕ ಕೊಡುತ್ತೇವೆ. ಈ ಅಂಕವನ್ನು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೊಜ್ಜಿನ ವಿಷಯವನ್ನು ಬಿಡಬೇಕಾಗಿಲ್ಲ. 3:1ರ ಚೌಕಟ್ಟಿನಲ್ಲಿ ಕೂರಿಸಬಾರದು, ಅಷ್ಟೆ.

ಬೊಜ್ಜಿಗೆ ಸಂಬಂಧಿಸಿದ ನೂರಾರು ಜೀನ್ ಭೇದಗಳು ಪತ್ತೆಯಾಗಿವೆ. ಹೆಚ್ಚು ಹೆಸರಾದದ್ದು 2007ರಲ್ಲಿ ಗುರುತಿಸಿದ ಎಫ್‌ಟಿಒ. ಅದರ ಅಪಾಯದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಯೂರೋಪಿನ ವಯಸ್ಕರು, ಅದು ಇಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು. ಮೂರೇ ಕಿಲೋ! ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, 1942ಕ್ಕೆ ಮೊದಲು ಹುಟ್ಟಿದವರಲ್ಲಿ ಆ ನಂಟೂ ಕಾಣಲಿಲ್ಲ. ಜೀನ್ ಅದೇ, ಬದುಕುವ ರೀತಿ ಬೇರೆಯಾಗಿತ್ತು.

ಜೀನ್‌ಗಳು ಒಂದನ್ನೊಂದು ಅವಲಂಬಿಸಿಯೂ ಇವೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ‘ದಾಸ್ತಾನು ಸಾಕಷ್ಟಿದೆ’ ಎಂದು ಮೆದುಳಿಗೆ ತಿಳಿಸುತ್ತವೆ. ಆ ಸುದ್ದಿಯಿಂದ ಹಸಿವು ತಗ್ಗಬೇಕಾದರೆ ಎಂಸಿ4ಆರ್ ಎಂಬ ಇನ್ನೊಂದು ಜೀನ್ ರೂಪಿಸುವ ಗ್ರಾಹಕ ಸರಿಯಿರಬೇಕು. ಧರ್ಮಪುರದ ಮಕ್ಕಳಿಗೆ ಕೆರೆ, ತೂಬು ಎಂದರೆ ಸಾಕು. ಕೆರೆ ತುಂಬಿದ್ದರೂ ತೂಬು ಕಟ್ಟಿಕೊಂಡಿದ್ದರೆ ಗದ್ದೆಗೆ ನೀರಿಲ್ಲ. ತೂಬು ಸರಿಯಿದ್ದು ಕೆರೆ ಬರಿದಾದರೂ ಅಷ್ಟೇ. (ನಮ್ಮ ಕಡೆಯ ಮಕ್ಕಳಿಗೆ ಎರಡನೆಯದೇ ಹೆಚ್ಚು ಪರಿಚಿತ.)

ಇನ್ನು ಜನಸಮುದಾಯಗಳ ನಡುವಿನ ವ್ಯತ್ಯಾಸ. ಇದಕ್ಕೆ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರವಾಗಿದ್ದವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ನಾಲ್ಕು ವರ್ಷದ ಹೊತ್ತಿಗೆ ಅಲ್ಲಿನ ಮಕ್ಕಳಿಗಿಂತ ಹೆಚ್ಚೇ ಇತ್ತು. ಇದನ್ನು ಜೀನ್ ಒಂದರ ಮೇಲೆಯೇ ಹೊರಿಸಲಾಗದು, ತಾಯಿಯ ಪೋಷಣೆಯ ಪಾಲೂ ಇದೆ. ಪುಣೆ ಮತ್ತು ಮೈಸೂರಿನ ಜನರನ್ನು ಒಳಗೊಂಡ 2009ರ ಅಧ್ಯಯನದಲ್ಲಿ ಎಫ್‌ಟಿಒಗೂ ಮಧುಮೇಹಕ್ಕೂ ಇರುವ ನಂಟು, ದೇಹತೂಕವನ್ನು ಲೆಕ್ಕದಿಂದ ಕಳೆದ ಮೇಲೂ ಉಳಿಯಿತು, ಯೂರೋಪಿನವರಲ್ಲಿ ಉಳಿದಿರಲಿಲ್ಲ. ಸಮೋವಾ ದ್ವೀಪದವರದು ಇದಕ್ಕೆ ತದ್ವಿರುದ್ಧ. ಅಲ್ಲಿ ಸಾಮಾನ್ಯವಾಗಿರುವ ಸಿಆರ್‌ಇಬಿಆರ್‌ಎಫ್ ಜೀನಿನ ಒಂದು ರೂಪ ತೂಕ ಹೆಚ್ಚಿಸಿದರೂ ಮಧುಮೇಹದ ಸಾಧ್ಯತೆಯನ್ನು ತಗ್ಗಿಸುತ್ತದೆ. ಹಾಗಾದರೆ ನಮ್ಮ ತರಗತಿಯಲ್ಲಿ ಎಲ್ಲರೂ ತಿರುಗಿ ನೋಡುವ ಮಗುವಿಗೆ ಅಪಾಯ ಹೆಚ್ಚೋ, ಪಕ್ಕದಲ್ಲಿ ಕುಳಿತ ತೆಳ್ಳಗಿನ ಮಗುವಿಗೋ? ಕಣ್ಣಳತೆಯಿಂದ ಹೇಳಲಾಗದು. ಬಿಸಿಯೂಟದ ಸಾಲಿನಲ್ಲಿ ‘ನಿನಗೆ ಸಾಕು’ ಎನ್ನುವ ಶಿಕ್ಷಕರೂ ಇದನ್ನು ಓದಬೇಕು.

ಚಟುವಟಿಕೆಗೆ ಚೌಕಾಬಾರಾ ಆಡುವ ಹುಣಸೆ ಬೀಜ ಸಾಕು. ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಆರು ಬೀಜಗಳನ್ನು ಪ್ರತಿ ಮಗುವೂ ಎಸೆದು ಬಿಳಿ ಬಿದ್ದವನ್ನು ಎಣಿಸಲಿ. ಹಲಗೆಯ ಮೇಲೆ ಸ್ತಂಭಾಲೇಖ ಬರೆದರೆ ಸೊನ್ನೆಯೂ ಆರೂ ವಿರಳ, ನಡುವೆ ಗುಡ್ಡ. ಬಟಾಣಿಯ ಎತ್ತರ–ಗಿಡ್ಡದಂತೆ ಎರಡೇ ಗುಂಪು ಬರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಬೀಜಕ್ಕೆ ‘ತೂಬು’, ಇನ್ನೊಂದಕ್ಕೆ ‘ಕೆರೆ’ ಎಂದು ಗುರುತು ಮಾಡಿ. ತೂಬು ಕಪ್ಪು ಬಿದ್ದರೆ ಕೆರೆಯ ಬಿಳಿಯನ್ನು ಎಣಿಸುವಂತಿಲ್ಲ. ಮೂರನೆಯ ಸುತ್ತಿನಲ್ಲಿ ಅರ್ಧ ತರಗತಿಗೆ ಎರಡೂ ಮಗ್ಗುಲು ಉಜ್ಜಿದ ಒಂದು ಬೀಜ ಕೊಡಿ. ಅವರ ಗುಡ್ಡ ಸ್ವಲ್ಪ ಸರಿಯುತ್ತದೆ, ಆದರೂ ಎರಡು ಗುಡ್ಡಗಳು ಬಹುಪಾಲು ಒಂದರ ಮೇಲೊಂದು ಕೂರುತ್ತವೆ. ‘ಆ ಜನಾಂಗದವರೇ ಹಾಗೆ’ ಎನ್ನುವವರಿಗೆ ಇದನ್ನು ತೋರಿಸಬಹುದು. ತೂಕದ ಯಂತ್ರವನ್ನು ಮಾತ್ರ ತರಗತಿಗೆ ತರಬೇಡಿ. ಮಕ್ಕಳ ತೂಕ ಹಲಗೆಗೆ ಏರುವ ದತ್ತಾಂಶವಲ್ಲ.

ಒಂದೇ ಅವಧಿಯಲ್ಲಿ ಮೂರು ಸುತ್ತು ಮುಗಿಯುವುದಿಲ್ಲ ಎಂಬ ಆಕ್ಷೇಪ ಬರುತ್ತದೆ, ನ್ಯಾಯವೇ. ಮೊದಲ ಎರಡು ಸಾಕು. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಇರಲಿ: ನಿಮ್ಮಷ್ಟೇ ಬಿಳಿ ಬೀಜ ಬಿದ್ದ ಗೆಳೆಯರನ್ನು ಹುಡುಕಿ, ನಿಮ್ಮಿಬ್ಬರಿಗೂ ಅವೇ ಬೀಜಗಳು ಬಿಳಿ ಬಿದ್ದಿವೆಯೇ?