ಖಾಲಿ ಬಟ್ಟಲು ಹಿಂತಿರುಗಿಸದ ಊರು

ಟರ್ಕಿ ಎಂದೊಡನೆ ಪ್ರವಾಸಿ ಕೈಪಿಡಿಗಳು ಹಾಗಿಯಾ ಸೋಫಿಯಾದ ಗುಮ್ಮಟವನ್ನೂ ಕಪಡೋಕಿಯದ ಬಲೂನುಗಳನ್ನೂ ತೋರಿಸುತ್ತವೆ. ಅವೆಲ್ಲ ನೋಡತಕ್ಕವೇ. ಆದರೆ ಆ ದೇಶದಲ್ಲಿ ಒಂದು ಸೆಮಿಸ್ಟರ್ ಕಳೆಯುವ ವಿದ್ಯಾರ್ಥಿಗೆ ಗುಮ್ಮಟ ಮೂರು ದಿನಗಳಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ತಿಂಗಳು ಊಟದ ಸಾಲಿನಲ್ಲಿ, ಬಸ್ಸಿನಲ್ಲಿ, ಸಹಪಾಠಿಯ ಕೋಣೆಯಲ್ಲಿ ಕಳೆಯಬೇಕು. ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್‌ಗೆ ಟರ್ಕಿ ಸೇರಿದ್ದು 2004ರಲ್ಲಿ. ಭಾರತೀಯರೂ ಅರ್ಜಿ ಹಾಕಬಹುದಾದ ಅಲ್ಲಿನ ಸರ್ಕಾರಿ ವಿದ್ಯಾರ್ಥಿವೇತನವೂ ಉಂಟು. ಹೀಗೆ ಹೋದವರು ನಿಜವಾಗಿ ಕಲಿಯುವ ಮೊದಲ ಪಾಠ ಅತಿಥಿಯಾಗುವುದು ಹೇಗೆ ಎಂಬುದು. ಅದು ಕೇಳಿದಷ್ಟು ಸುಲಭವಲ್ಲ.

ಪಾಠ ಶುರುವಾಗುವುದು ಚಹಾದಿಂದ. ಅಲ್ಲಿನ ಚಹಾ ಪಾತ್ರೆ ಎರಡು ಅಂತಸ್ತಿನದು. ಕೆಳಗಿನದರಲ್ಲಿ ಬರೀ ನೀರು ಕುದಿಯುತ್ತದೆ. ಮೇಲಿನ ಪುಟ್ಟ ಪಾತ್ರೆಯಲ್ಲಿ ಸೊಪ್ಪು ಕಷಾಯವಾಗಿ ಇಳಿಯುತ್ತದೆ. ಕೆಳಗಿನ ಹಬೆಯೇ ಮೇಲಿನದನ್ನು ಬಿಸಿಯಾಗಿಡುವುದರಿಂದ ಕಷಾಯ ತಳ ಹಿಡಿಯುವುದಿಲ್ಲ, ಕುದಿದು ಕಹಿಯಾಗುವುದೂ ಇಲ್ಲ. ಲೋಟಕ್ಕೆ ಮೊದಲು ಕಷಾಯ, ಆಮೇಲೆ ಬೇಕಾದಷ್ಟು ಬಿಸಿನೀರು. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಮಾತ್ರ ಕೇಳಬಾರದು. ಲೋಟಕ್ಕೆ ಹಿಡಿಯಿಲ್ಲ, ನಡು ಸಣ್ಣ. ಅಂಚಿನಲ್ಲಿ ಎರಡು ಬೆರಳಿಟ್ಟು ಹಿಡಿಯಬೇಕು. ಖಾಲಿಯಾದರೆ ಮತ್ತೆ ತುಂಬುತ್ತದೆ, ಮತ್ತೆ ಖಾಲಿ ಮಾಡಿದರೆ ಮತ್ತೆ. ಸಾಕು ಎನ್ನಲು ಚಮಚವನ್ನು ಲೋಟದ ಬಾಯಿಗೆ ಅಡ್ಡಲಾಗಿ ಇಡುವ ಪದ್ಧತಿಯಿದೆ. ಇದನ್ನರಿಯದವರು ಸಂಕೋಚಕ್ಕೆ ಏಳೆಂಟು ಲೋಟ ಕುಡಿದು ರಾತ್ರಿ ನಿದ್ದೆಗೆಡುತ್ತಾರೆ. ಇಷ್ಟೆಲ್ಲ ಆದರೂ ಈ ಚಹಾ ಅಂಥ ಪ್ರಾಚೀನವೇನಲ್ಲ. ಕಪ್ಪು ಸಮುದ್ರದ ದಂಡೆಯ ರಿಜೆ ಪ್ರಾಂತದಲ್ಲಿ ಚಹಾ ಕೃಷಿ ಬೇರೂರಿದ್ದು 1930ರ ದಶಕದ ನಂತರವೇ.

ಭಾಷೆಗೆ ಹೆದರಬೇಕಾದವರು ಇಂಗ್ಲಿಷರು, ಕನ್ನಡಿಗರಲ್ಲ. 'ಎವ್' ಎಂದರೆ ಮನೆ. 'ಎವ್‌ಲೆರ್' ಮನೆಗಳು, 'ಎವ್‌ಲೆರ್‌ದೆ' ಮನೆಗಳಲ್ಲಿ, 'ಎವ್‌ಲೆರ್‌ದೆನ್' ಮನೆಗಳಿಂದ. ಪ್ರತ್ಯಯದ ಹಿಂದೆ ಪ್ರತ್ಯಯ, ವಾಕ್ಯದ ಕೊನೆಗೆ ಕ್ರಿಯಾಪದ: ನಮ್ಮ ಮನೆಯ ನಡೆಯೇ. ಇನ್ನೂ ಸೊಗಸಾದದ್ದು ಒಂದಿದೆ. ಕಣ್ಣಾರೆ ಕಂಡದ್ದಾದರೆ 'ಗೆಲ್ದಿ', ಅಂದರೆ ಬಂದ. ಯಾರೋ ಹೇಳಿ ತಿಳಿದದ್ದಾದರೆ 'ಗೆಲ್ಮಿಶ್', ಅಂದರೆ ಬಂದನಂತೆ. ನಮ್ಮ 'ಅಂತೆ'ಯನ್ನು ಇಂಗ್ಲಿಷಿನಲ್ಲಿ ಹೇಳಲು ಹೆಣಗುವ ಮಕ್ಕಳಿಗೆ ಟರ್ಕಿಯಲ್ಲಿ ಅದು ಸಿದ್ಧವಾಗಿ ಸಿಗುತ್ತದೆ. ಸಾಬೂನು, ಪರದೆ, ದುಕಾನು, ಹಿಸಾಬು ಎಂಬ ಮಾತುಗಳು ಅರಬ್ಬಿ, ಪಾರ್ಸಿಗಳಿಂದ ಅಲ್ಲಿಗೂ ಹೋಗಿವೆ, ಇಲ್ಲಿಗೂ ಬಂದಿವೆ. ಲಿಪಿಯನ್ನು ಅವರು 1928ರಲ್ಲಿ ಅರಬ್ಬಿಯಿಂದ ರೋಮನ್‌ಗೆ ಬದಲಿಸಿಕೊಂಡರು, ಅಕ್ಷರ 29. ಅದರಲ್ಲಿ ಚುಕ್ಕಿಯಿರುವ 'ಐ' ಬೇರೆ, ಚುಕ್ಕಿಯಿಲ್ಲದ್ದು ಬೇರೆ. 'ಕಿರ್' ಎಂಬ ಪದದಲ್ಲಿ ಚುಕ್ಕಿ ಇಟ್ಟರೆ ಕೊಳೆ, ಬಿಟ್ಟರೆ ಬಯಲು. ಬಿಂದು ಮರೆತು ಅಂಕ ಕಳೆದುಕೊಳ್ಳುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಒಳ್ಳೆಯದು.

ವ್ಯಾಕರಣಕ್ಕಿಂತ ಮುಂಚೆ ಬೇಕಾದದ್ದು ನಾಲ್ಕಾರು ಹಾರೈಕೆಗಳು. ಕಸ ಗುಡಿಸುವವರನ್ನಾಗಲಿ, ಗ್ರಂಥಪಾಲಕರನ್ನಾಗಲಿ ದಾಟಿ ಹೋಗುವಾಗ 'ಕೊಲಾಯ್ ಗೆಲ್ಸಿನ್' ಎನ್ನಬೇಕು: ಕೆಲಸ ಸುಲಭವಾಗಿ ಬರಲಿ. ಅಡುಗೆ ಮಾಡಿದವರಿಗೆ 'ನಿಮ್ಮ ಕೈಗೆ ಆರೋಗ್ಯವಿರಲಿ', ಜ್ವರ ಬಂದವರಿಗೆ 'ಇದು ಕಳೆದುಹೋಗಲಿ'. ಅಂಗಡಿಯವನು ಅಣ್ಣ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯಳು ಚಿಕ್ಕಮ್ಮ. 1956ರಲ್ಲಿ ಅಂಕಾರಾದಲ್ಲಿ ಸ್ಥಾಪನೆಯಾದ ಮಧ್ಯಪ್ರಾಚ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಂತೂ 'ಹೊಜಾಮ್', ಅಂದರೆ 'ನನ್ನ ಗುರುವೇ', ಎಂದು ವಿದ್ಯಾರ್ಥಿಗಳು ಪರಸ್ಪರರನ್ನೂ ಕರೆದುಕೊಳ್ಳುತ್ತಾರೆ. ಬೋಧನೆ ಅಲ್ಲಿ ಇಂಗ್ಲಿಷಿನಲ್ಲಿ; ಗೆಳೆತನ ಮಾತ್ರ ಟರ್ಕಿಷಿನಲ್ಲಿ.

ಪಾಲಕರು ಕೇಳುವ ಪ್ರಶ್ನೆ ಬೇರೆ: ಇರುವುದೆಲ್ಲಿ? ಅಲ್ಲಿನ ವಿದ್ಯಾರ್ಥಿಗಳ ಪ್ರಶ್ನೆಯೂ ಅದೇ. 2021ರ ಸೆಪ್ಟೆಂಬರಿನಲ್ಲಿ ಬಾಡಿಗೆ ಏರಿ, ಹಾಸ್ಟೆಲ್ ಸಿಗದೆ, ಹಲವು ನಗರಗಳಲ್ಲಿ ವಿದ್ಯಾರ್ಥಿಗಳು ಉದ್ಯಾನಗಳಲ್ಲಿ ಮಲಗಿ ಪ್ರತಿಭಟಿಸಿದರು. ಮನೆ ಸಿಕ್ಕರೂ ಇಸ್ತಾಂಬುಲ್‌ನಂಥ ಊರಿನಲ್ಲಿ ಬಾಡಿಗೆಯ ಜೊತೆಗೆ ಇನ್ನೊಂದನ್ನು ವಿಚಾರಿಸುತ್ತಾರೆ: ಕಟ್ಟಡ 1999ಕ್ಕೆ ಮುಂಚಿನದೋ, ನಂತರದ್ದೋ? 1999ರ ಆಗಸ್ಟ್ 17ರ ನಸುಕಿನಲ್ಲಿ ಇಜ್ಮಿತ್ ಸುತ್ತಮುತ್ತ ಭೂಮಿ ನಡುಗಿ 17 ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ನಿಯಮಗಳನ್ನೂ ತಪಾಸಣೆಯನ್ನೂ ಬಿಗಿಗೊಳಿಸಿದ ಕಾಲ ಅದು. ನಿಯಮ ಇದ್ದರೆ ಸಾಲದು ಎಂಬುದನ್ನು 2023ರ ಫೆಬ್ರುವರಿ 6 ತೋರಿಸಿತು. 7.8ರ ಕಂಪನ, ಒಂಬತ್ತು ಗಂಟೆಯ ನಂತರ 7.5ರ ಇನ್ನೊಂದು; ಟರ್ಕಿಯಲ್ಲೇ 50 ಸಾವಿರ ದಾಟಿದ ಸಾವು. ಹೊಸ ಕಟ್ಟಡಗಳೂ ಕುಸಿದವು. ಸಂತ್ರಸ್ತರಿಗಾಗಿ ಸರ್ಕಾರಿ ಹಾಸ್ಟೆಲುಗಳನ್ನು ತೆರವು ಮಾಡಿಸಿ, ವಿಶ್ವವಿದ್ಯಾಲಯಗಳ ಪಾಠವನ್ನು ದೂರಶಿಕ್ಷಣಕ್ಕೆ ತಿರುಗಿಸಲಾಯಿತು. ಕಾರಣ ತಿಳಿದಿರುವುದು ವಿದ್ಯಾರ್ಥಿಗೆ ಒಳ್ಳೆಯದು. ಮೇಲೆ ಇಟ್ಟಿಗೆ ಗೋಡೆಗಳ ಭಾರ, ತಳಮಹಡಿಯಲ್ಲಿ ಅಂಗಡಿಗಾಗಿ ಗೋಡೆ ತೆಗೆದು ಬರೀ ಕಂಬ. ನೆಲ ಅಡ್ಡಕ್ಕೆ ಅಲುಗಿದಾಗ ಬಾಗುವ ಕೆಲಸವೆಲ್ಲ ಆ ಕಂಬಗಳ ಪಾಲಿಗೇ ಬಂದು ಅವು ಮೊದಲು ಮುರಿಯುತ್ತವೆ. (ಕಾರು ನಿಲ್ಲಿಸಲೆಂದು ಕಂಬಗಳ ಮೇಲೆ ಎತ್ತಿದ ನಮ್ಮ ನಗರಗಳ ಮನೆಗಳನ್ನು ಇಲ್ಲಿ ನೆನೆದವರ ತಪ್ಪಿಲ್ಲ.) ಆದ್ದರಿಂದ ಕೋಣೆ ನೋಡಲು ಹೋದವರು ಕಟ್ಟಿದ ವರ್ಷ ಕೇಳಬೇಕು, ತಳಮಹಡಿ ನೋಡಬೇಕು, ಬೀರುವನ್ನು ಗೋಡೆಗೆ ತಿರುಪಿನಿಂದ ಬಿಗಿದಿದೆಯೇ ಎಂದು ನೋಡಬೇಕು. ಮನೆಯವರು ತಪ್ಪು ತಿಳಿಯುವುದಿಲ್ಲ. ಚಪ್ಪಲಿ ಹೊರಗೆ ಬಿಡದಿದ್ದರೆ ಮಾತ್ರ ತಿಳಿದಾರು.

ಇನ್ನು ಹಿಸಾಬು. ಹೋಟೆಲಿನ ಬಿಲ್ಲಿಗೆ ಟರ್ಕಿಷಿನಲ್ಲಿ ಇದೇ ಪದ, 'ಹೆಸಾಪ್'. ಸಹಪಾಠಿ ಊಟಕ್ಕೆ ಕರೆದರೆ ಬಿಲ್ಲು ಅತಿಥಿಯ ಕೈಗೆ ಬರುವುದೇ ಇಲ್ಲ. ಅರ್ಧರ್ಧ ಕೊಡೋಣ ಎಂದರೆ ಮುಖ ಸಪ್ಪಗಾಗುತ್ತದೆ. ಪ್ರವಾಸಿ ಬರಹಗಳು ಇದನ್ನು ಹೊಗಳಿ ಮುಗಿಸುತ್ತವೆ. ಕೊಡುವವನ ಜೇಬಿನ ಮಾತು ಅವುಗಳಲ್ಲಿ ಅಪರೂಪ. 2005ರಲ್ಲಿ ಟರ್ಕಿ ತನ್ನ ಹಣದಿಂದ ಆರು ಸೊನ್ನೆ ಕಿತ್ತು, ಹತ್ತು ಲಕ್ಷ ಹಳೆಯ ಲಿರಾವನ್ನು ಒಂದು ಹೊಸ ಲಿರಾ ಮಾಡಿತು. 2018ರ ಆರಂಭದಲ್ಲಿ ಡಾಲರಿಗೆ 4 ಲಿರಾಕ್ಕಿಂತ ಕಡಿಮೆ ಇದ್ದದ್ದು 2024ರ ಆರಂಭಕ್ಕೆ ಸುಮಾರು 30 ಆಯಿತು. 2022ರ ಅಕ್ಟೋಬರಿನಲ್ಲಿ ವಾರ್ಷಿಕ ಹಣದುಬ್ಬರ ಸರ್ಕಾರದ ಲೆಕ್ಕದಲ್ಲೇ ಶೇ. 85 ದಾಟಿತು. ಇಂಥ ದಿನಗಳಲ್ಲೂ ಮಾಂಸದ ತಟ್ಟೆ ತರಿಸುವ ಹುಡುಗ ಮರುದಿನದಿಂದ ವಾರವಿಡೀ ವಿಶ್ವವಿದ್ಯಾಲಯದ ಅಗ್ಗದ ಊಟದ ಮನೆಯಲ್ಲಿ ಬೇಳೆ ಸಾರು, ಹುರುಳಿಕಾಯಿ ಪಲ್ಯದಲ್ಲೇ ಇರಬೇಕಾದೀತು. ಮರ್ಯಾದೆಯ ಪ್ರಶ್ನೆ ಎಂದು ಅವನು ಬಾಯಿ ಬಿಡುವುದಿಲ್ಲ. ಪರದೇಶದ ವಿದ್ಯಾರ್ಥಿ ಅದನ್ನು ತಾನೇ ಊಹಿಸಿಕೊಳ್ಳಬೇಕು. ಎರಡನೆಯ ಸಲ ಹೋಟೆಲಿಗೆ ಬದಲು ದೋಣಿಕಟ್ಟೆಯ ಸಿಮಿತ್, ಅಂದರೆ ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ, ಮತ್ತು ಐರಾನ್ ಸಾಕೆನ್ನುವುದು ಒಂದು ಉಪಾಯ. ಐರಾನ್ ಎಂದರೆ ಬೇರೇನಲ್ಲ, ಉಪ್ಪು ಹಾಕಿದ ಮಜ್ಜಿಗೆ.

ಕೊಟ್ಟೂ ಕೊಟ್ಟಂತೆ ತೋರದ ದಾರಿಗಳು ಆ ಜನಕ್ಕೂ ಗೊತ್ತು. ಕೆಲವು ರೊಟ್ಟಿ ಅಂಗಡಿಗಳಲ್ಲಿ 'ಕೊಕ್ಕೆಯ ರೊಟ್ಟಿ' ಎಂಬ ರೂಢಿಯಿದೆ. ಗಿರಾಕಿ ಎರಡಕ್ಕೆ ಹಣ ಕೊಟ್ಟು ಒಂದನ್ನು ಒಯ್ಯುತ್ತಾನೆ. ಇನ್ನೊಂದು, ಕೊಳ್ಳಲಾರದೆ ಬಂದವರಿಗೆ. ಕೊಟ್ಟವರಾರೆಂದು ತೆಗೆದುಕೊಂಡವರಿಗೆ ತಿಳಿಯದು.

ಮೊಹರಂ ತಿಂಗಳಲ್ಲಿ ನೆರೆಮನೆಯಾಕೆ ಬಾಗಿಲು ತಟ್ಟಿ ಒಂದು ಬಟ್ಟಲು 'ಅಶುರೆ' ಕೊಟ್ಟು ಹೋಗುತ್ತಾಳೆ. ಗೋಧಿ, ಕಡಲೆ, ಒಣಹಣ್ಣು ಸೇರಿಸಿ ಬೇಯಿಸಿದ ಪಾಯಸ. ನೋಹನ ಹಡಗಿನಲ್ಲಿ ಕೊನೆಗೆ ಉಳಿದದ್ದನ್ನೆಲ್ಲ ಹಾಕಿ ಮಾಡಿದ್ದೆಂದು ಕಥೆ. ನಮ್ಮ ಅಜ್ಜಿಯರಂತೆ ಅಲ್ಲಿಯವರೂ ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಹಾಸ್ಟೆಲ್ ಹುಡುಗ ಏನು ತುಂಬಿಸಿಯಾನು? ಅಕ್ಕಿ, ನಿಂಬೆ, ಅರಿಶಿನ, ಕಡಲೆಬೀಜ ಅಲ್ಲಿನ ಸಂತೆಯಲ್ಲೂ ಸಿಗುತ್ತವೆ. ಹೊರಡುವ ಮುಂಚೆ ತಾಯಿಯಿಂದ ಚಿತ್ರಾನ್ನ ಕಲಿತುಕೊಂಡರೆ ಆಯಿತು. ಕರಿಬೇವಿನ ಆಸೆ ಮಾತ್ರ ಬಿಡಬೇಕು.